ಮರಗಾಲು ಕಟ್ಟಿಕೊಂಡ ಇರುವೆ

ಕೇಳುಗರಿಗೆ ನಮಸ್ಕಾರ.

ಟುನೀಷಿಯಾದ ಮರುಭೂಮಿಯಲ್ಲಿ ಕ್ಯಾಟಗ್ಲಿಫಿಸ್ ಅಂತ ಒಂದು ಇರುವೆ. ಸುಡುವ ಬಯಲಲ್ಲಿ ಅಡ್ಡಾದಿಡ್ಡಿ ಅಲೆಯುತ್ತದೆ. ತಿನ್ನಲು ಏನಾದರೂ ಸಿಕ್ಕಿತೋ, ಬಂದ ಸುತ್ತುದಾರಿ ಬಿಟ್ಟು ನೆಟ್ಟಗೆ ಗೂಡಿನತ್ತ ಓಟ. ದಿಕ್ಕು ತಿಳಿಯುವುದು ಆಕಾಶದ ಬೆಳಕಿನಿಂದ. ಸರಿ, ದೂರ?

2006ರಲ್ಲಿ ವಿಜ್ಞಾನಿಗಳು ಒಂದು ತುಂಟ ಪ್ರಯೋಗ ಮಾಡಿದರು. ಗೂಡಿನಿಂದ 10 ಮೀಟರ್ ನಡೆದು ಆಹಾರದ ಬಳಿ ಬಂದ ಇರುವೆಯನ್ನು ಹಿಡಿದು, ಆರೂ ಕಾಲಿಗೆ ಹಂದಿಯ ಬಿರುಗೂದಲು ಅಂಟಿಸಿದರು. ನಮ್ಮ ಜಾತ್ರೆಯ ಮರಗಾಲು ಕುಣಿತದವರ ಹಾಗೆ! ವಾಪಸು ಹೊರಟ ಇರುವೆ, ಗೂಡಿರಬೇಕಾದ ಜಾಗ ದಾಟಿ ಸುಮಾರು 15 ಮೀಟರ್ ಹೋಗಿ ಅಲ್ಲಿ ಮನೆ ಹುಡುಕತೊಡಗಿತು. ಕಾಲು ಮೊಟಕುಗೊಳಿಸಿದ ಇರುವೆಯೋ, 6 ಮೀಟರ್ ಆಗುವ ಮೊದಲೇ ತಡಕಾಡಿತು. ಲೆಕ್ಕವೆಲ್ಲ ಹೆಜ್ಜೆಯದು.

ಹಾಗಾದರೆ ತಲೆಯೊಳಗೆ ನಕ್ಷೆ ಇಲ್ಲವೇ? ಈ ನಕ್ಷೆಯ ಮಾತನ್ನು 1948ರಲ್ಲಿ ಎತ್ತಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್. ರೂಢಿಯ ದಾರಿ ಮುಚ್ಚಿದಾಗ ಇಲಿಗಳು ಹೊಸ ಒಳದಾರಿ ಹಿಡಿದಿದ್ದವು. ನಕ್ಷೆಯಿಲ್ಲದೆ ಅದು ಹೇಗಾದೀತು ಅಂತ ಅವರ ವಾದ. ಮುಂದೆ ಇಲಿಯ ಮಿದುಳಲ್ಲಿ ಜಾಗ ಗುರುತಿಸುವ ಜೀವಕೋಶಗಳೂ ಸಿಕ್ಕವು, 2014ರಲ್ಲಿ ಅದಕ್ಕೆ ನೊಬೆಲ್ ಬಂತು.

ಇರುವೆಯ ಕಥೆ ಬೇರೆ. 2011ರಲ್ಲಿ ವಿಜ್ಞಾನಿಗಳಾದ ಹೋಲ್ಕ್ ಕ್ರೂಸ್ ಮತ್ತು ರೂಡಿಗರ್ ವೇನರ್ ಕಂಪ್ಯೂಟರಿನೊಳಗೆ ಒಂದು ಇರುವೆ ಕಟ್ಟಿದರು. ನಕ್ಷೆ ಕೊಡಲೇ ಇಲ್ಲ. ಗೂಡು ಯಾವ ಕಡೆ, ಎಷ್ಟು ದೂರ ಎಂಬ ಕೂಡಿ ಕಳೆಯುವ ಲೆಕ್ಕ ಒಂದು. ಆಹಾರ ಸಿಕ್ಕ ಜಾಗಕ್ಕೊಂದು ನೆನಪಿನ ಚೀಟಿ, ದಾರಿಯ ಗುರುತಿಗೊಂದು ಚೀಟಿ. ಚೀಟಿಗಳನ್ನೆಲ್ಲ ಜೋಡಿಸಿ ಹಾಳೆಗೆ ಅಂಟಿಸುವ ಗುಮಾಸ್ತ ಅಲ್ಲಿಲ್ಲ. ಆದರೂ ಆ ಇರುವೆ ಒಂದು ಆಹಾರದ ತಾಣದಿಂದ ಇನ್ನೊಂದಕ್ಕೆ, ಎಂದೂ ನಡೆಯದ ಒಳದಾರಿಯಲ್ಲಿ ಹೋಯಿತು. ಒಳದಾರಿ ಕಂಡರೆ ನಕ್ಷೆಯಿದೆ ಎನ್ನುವ ವಾದಕ್ಕೆ ಇದು ಒಳ್ಳೆಯ ಪೆಟ್ಟು.

ಇಲಿಯ ಮಿದುಳಲ್ಲಿ ಕೆಲವು ಜೀವಕೋಶಗಳು ಜಾಗವನ್ನು ಷಟ್ಕೋನಗಳ ವಿನ್ಯಾಸದಲ್ಲಿ ಗುರುತಿಸುತ್ತವೆ. 2018ರಲ್ಲಿ ಗೂಗಲ್ ಬಳಗದ ಕೃತಕ ಬುದ್ಧಿಮತ್ತೆ ಕಂಪನಿ ಡೀಪ್‌ಮೈಂಡ್ ತಂಡ, ದಾರಿಯ ಲೆಕ್ಕ ಕಲಿಸಿದ ಕೃತಕ ನರಜಾಲದಲ್ಲಿ, ಅಂದರೆ ಮಿದುಳನ್ನು ಅನುಕರಿಸುವ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ, ಇಲಿಯ ಮಿದುಳಿನಂಥದೇ ಷಟ್ಕೋನ ವಿನ್ಯಾಸ ತಾನಾಗಿ ಮೂಡಿತು ಎಂದಿತು. ದೊಡ್ಡ ಸುದ್ದಿಯಾಯಿತು. 2022ರಲ್ಲಿ ಇನ್ನೊಂದು ತಂಡ ಸಾವಿರಾರು ನರಜಾಲಗಳಿಗೆ ಅದೇ ಪಾಠ ಹೇಳಿತು. ಹೆಚ್ಚಿನವು ಲೆಕ್ಕ ಕಲಿತವು. ಷಟ್ಕೋನ ಮೂಡಿದ್ದು ಕಟ್ಟುವವರು ಕೆಲವು ಆಯ್ಕೆಗಳನ್ನು ಮೊದಲೇ ಮಾಡಿಟ್ಟಾಗ ಮಾತ್ರ. ಹಾಗಾಗಿ ಈ 'ತಾನಾಗಿ'ಯ ಮೇಲೆ ನನಗಂತೂ ಗುಮಾನಿ.

ಅಂದಹಾಗೆ, ಆ ಮರಗಾಲಿನ ಇರುವೆಗಳನ್ನು ಗೂಡಿಗೆ ಬಿಟ್ಟರು. ಮರಗಾಲಲ್ಲೇ ಆಹಾರಕ್ಕೆ ಹೋದವು, ಮರಗಾಲಲ್ಲೇ ಹಿಂತಿರುಗಿದವು. ಈ ಸಲ ಹುಡುಕಾಟ ಶುರುವಾದದ್ದು 10 ಮೀಟರ್ ಆಸುಪಾಸಿನಲ್ಲೇ.