ನಾಳೆ ಏಳು ಗಂಟೆಗೆ ಬರ್ತೇನೆ

ಕೇಳುಗ ಬಂಧುಗಳಿಗೆಲ್ಲ ನಮಸ್ಕಾರ.

ಈ ಹೊತ್ತಿಗೆ ನೀವು ಏನು ಮಾಡ್ತಿರಬಹುದು ಅಂತ ನನಗೆ ಒಂದು ಅಂದಾಜು ಉಂಟು. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದೀರಿ, ರೇಡಿಯೋ ಪಕ್ಕದಲ್ಲಿದೆ. ಒಳಕೋಣೆಯಲ್ಲಿ ಮಗನೋ ಮಗಳೋ ಅದೇ ಪರೀಕ್ಷೆಗೆ ಎರಡನೇ ಸಲ, ಮೂರನೇ ಸಲ ಓದುತ್ತಿದ್ದಾರೆ. ಅವರನ್ನೂ ಸ್ವಲ್ಪ ಹೊರಗೆ ಕರೆಯಿರಿ. ಈ ಮಾತು ಅವರಿಗೆ ಜಾಸ್ತಿ ಬೇಕು.

ನಿಲಯದವರು ನನಗೆ ಕೊಟ್ಟ ವಿಷಯ ಛಲ. ನಾನು ಮೂವತ್ತು ವರ್ಷದಿಂದ ನೀರಿನ ಸುರಂಗಗಳ ಬೆನ್ನು ಹತ್ತಿದವನು. ಒಳಗೆ ಹೋಗಿ ಅಳೆದು, ತೋಡಿದವರ ಹತ್ತಿರ ಕೂತು ಮಾತಾಡಿ ಬಂದವನು. ಛಲದ ಬಗ್ಗೆ ನನಗೆ ಗೊತ್ತಿರುವುದು ಒಂದೇ ಸಂಗತಿ. ಅದನ್ನೇ ಇವತ್ತು ನಾಲ್ಕು ಸಲ ಹೇಳ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊತ್ತು ಗೊತ್ತು ಮಾಡಿಕೊಳ್ಳಿ. ಇಂಥ ಹೊತ್ತಿಗೆ ನಾನು ಈ ಕೆಲಸದ ಎದುರು ಇರ್ತೇನೆ ಅಂತ ಒಂದು ಸಲ ತೀರ್ಮಾನ ಮಾಡಿ. ಆಮೇಲೆ ದಿನಾ ಕೂತು ಯೋಚಿಸಬೇಡಿ. ಹೋಗಬೇಕು, ಮಾಡಬೇಕು, ಬರಬೇಕು.

ಸುರಂಗ ನೋಡದವರಿಗೆ ಎರಡು ಮಾತು. ಬಾವಿಯನ್ನು ಕೆಳಕ್ಕೆ ತೋಡ್ತೇವೆ. ಸುರಂಗವನ್ನು ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೀತೇವೆ. ದಕ್ಷಿಣ ಕನ್ನಡದಲ್ಲಿ, ಕಾಸರಗೋಡಿನಲ್ಲಿ, ಮುರಕಲ್ಲಿನ ಗುಡ್ಡೆಗಳಲ್ಲಿ ಇಂಥವು ಸಾವಿರಾರು ಇವೆ. ಒಬ್ಬ ಮನುಷ್ಯ ಪಿಕ್ಕಾಸು ಬೀಸುವಷ್ಟೇ ಜಾಗ. ಒಳಗೆ ಹೋದ ಹಾಗೆ ನೆಲ ತುಸು ಏರ್ತಾ ಹೋಗುತ್ತದೆ. ಹಾಗಾಗಿ ಒರತೆ ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಉದ್ದ ಅಳೆಯುವುದು ಕೋಲಿನ ಲೆಕ್ಕದಲ್ಲಿ, ಒಂದು ಕೋಲು ಅಂದರೆ ಸುಮಾರು 2.5 ಅಡಿ. ಒಳಗಿಟ್ಟ ದೀಪ ಮಂಕಾದರೆ ಗಾಳಿ ಸಾಲದು ಅಂತ ಅರ್ಥ, ತಕ್ಷಣ ಹೊರಗೆ ಬರಬೇಕು.

ಈಗ ಅಮೈ ಮಹಾಲಿಂಗ ನಾಯ್ಕರ ವಿಷಯಕ್ಕೆ ಬರ್ತೇನೆ. ಬಂಟ್ವಾಳ ತಾಲ್ಲೂಕು, ಅಡ್ಯನಡ್ಕದ ಹತ್ತಿರ, ಕೇಪು ಗ್ರಾಮ. ಅವರು ಅಡಿಕೆ ಮರ, ತೆಂಗಿನ ಮರ ಹತ್ತುವ ಕೆಲಸ ಮಾಡುತ್ತಿದ್ದವರು. 1970ರ ದಶಕದ ಕೊನೆಗೆ ಅವರಿಗೆ ಗುಡ್ಡೆಯ ಇಳಿಜಾರಿನಲ್ಲಿ ಸುಮಾರು 2 ಎಕರೆ ಬೋಳು ಜಾಗ ಸಿಕ್ಕಿತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಮಳೆ ಸುರಿಯುತ್ತದೆ. ಆದರೆ ಶಿವರಾತ್ರಿ ಕಳೆದ ಮೇಲೆ ಗುಡ್ಡೆ ಮೇಲಿನವರ ಪಾಡು ಗುಡ್ಡೆ ಮೇಲಿನವರಿಗೇ ಗೊತ್ತು. ನೀರಿಲ್ಲ. ಬಾವಿ ತೋಡಿಸಲು ಕೈಯಲ್ಲಿ ದುಡ್ಡಿಲ್ಲ. ಅವರು ಒಬ್ಬರೇ ಸುರಂಗ ತೋಡಲು ಹೊರಟರು.

ಹಗಲೆಲ್ಲ ಕೂಲಿ ಕೆಲಸ. ಮರ ಹತ್ತಿ ಇಳಿದ ಕಾಲು, ಕೈ ಹೇಗಿರ್ತದೆ ಅಂತ ಆ ಕೆಲಸ ಮಾಡಿದವರಿಗೆ ಗೊತ್ತು. ಸಂಜೆ ಮನೆಗೆ ಬಂದು, ದೀಪ ಹಚ್ಚಿಕೊಂಡು, ಸುರಂಗದೊಳಗೆ. ರಾತ್ರಿ ಹೊತ್ತಾಗುವ ತನಕ ಅಗೆತ. ಮಣ್ಣು ಹೊರಗೆ ತರುವುದೂ ಅವರೇ. ಮಾರನೇ ದಿನ ಮತ್ತೆ ಕೂಲಿ, ಮತ್ತೆ ಸಂಜೆ, ಮತ್ತೆ ದೀಪ. ಮೊದಲನೇ ಸುರಂಗದಲ್ಲಿ ನೀರಿಲ್ಲ. ಎರಡನೆಯದು, ಇಲ್ಲ. ಮೂರು, ನಾಲ್ಕು, ಐದು. ಐದರಲ್ಲೂ ಇಲ್ಲ! ವರ್ಷಗಳೇ ಹೋದವು. ಇವನಿಗೆ ಹುಚ್ಚು ಅಂತ ಊರಿನವರು ಆಡಿಕೊಂಡರು. ಆರನೆಯದಕ್ಕೆ ಪಿಕ್ಕಾಸು ಎತ್ತಿದರು. ಅದರಲ್ಲಿ ನೀರು ಬಂತು. ಈಗ ಅಲ್ಲಿ ತೋಟ ಇದೆ. ನೀರು ಮೇಲಿನಿಂದ ತಾನೇ ಇಳಿದು ಬಂದು ಗಿಡಗಳಿಗೆ ಹೋಗುತ್ತದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪದ್ಮಶ್ರೀಯ ಸುದ್ದಿ ಎಲ್ಲರಿಗೂ ಗೊತ್ತು. ನೀವು ಆ ಐದು ಸುರಂಗಗಳನ್ನು ನೆನೆಸಿಕೊಳ್ಳಿ ಅಂತ ನನ್ನ ಕೋರಿಕೆ. ಐದನೆಯದನ್ನು ಬಿಟ್ಟ ಮಾರನೇ ದಿನ ಸಂಜೆ ಆ ಮನುಷ್ಯ ಕೈಕಾಲು ತೊಳೆದು ಎಲ್ಲಿಗೆ ಹೋಗಿರಬೇಕು? ಅದೇ ಹೊತ್ತು, ಅದೇ ಗುಡ್ಡೆ. ಹೊತ್ತು ಗೊತ್ತಾಗಿತ್ತು ಅವರಿಗೆ.

ನನಗೆ ಇದು ಮೊದಲು ಕಣ್ಣಿಗೆ ಬಿದ್ದದ್ದು ಹತ್ತು ವರ್ಷದ ಹುಡುಗನಾಗಿದ್ದಾಗ. ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಒಬ್ಬರು ಅಜ್ಜ ಸುರಂಗ ತೋಡುತ್ತಿದ್ದರು. ಬೇಸಿಗೆ ರಜೆ. ಮಣ್ಣಿನ ಬುಟ್ಟಿ ಹೊರುವ ಕೆಲಸ ನನ್ನದು. ಒಳಗೆ ಅವರ ಪಿಕ್ಕಾಸಿನ ಸದ್ದು, ಠಣ್, ಠಣ್. ಬೆವರಿನ ವಾಸನೆ, ಎಣ್ಣೆಯ ವಾಸನೆ. ಬುಟ್ಟಿ ತುಂಬಿದ ಕೂಡಲೇ ನಾನು ಹೊತ್ತು ಹೊರಗೆ ಓಡುವುದು, ಚೆಲ್ಲುವುದು, ಮತ್ತೆ ಒಳಗೆ. 32 ಕೋಲು ಆಯಿತು, ಒಂದು ಹನಿ ಇಲ್ಲ. ಮಣ್ಣು ಅರಿಶಿನ ಪುಡಿಯ ಹಾಗೆ ಒಣ. ಒಂದು ಸಂಜೆ ಅಪ್ಪ ಮೆಲ್ಲನೆ ಕೇಳಿದರು, “ಸಾಕು ಮಾಡುವುದಾ?” ಅಜ್ಜ ಹೆಗಲ ಮೇಲಿನ ಬೈರಾಸು ಕೊಡವಿ ಮುಖ ಒರೆಸಿಕೊಂಡರು. “ನಾಳೆ ಏಳು ಗಂಟೆಗೆ ಬರ್ತೇನೆ ಧಣಿಗಳೇ” ಅಂದರು. ಅಷ್ಟೇ. ನೀರು ಸಿಗ್ತದೆ ಅಂತ ಅವರು ಹೇಳಲಿಲ್ಲ. ಸಿಗುವುದಿಲ್ಲ ಅಂತಲೂ ಹೇಳಲಿಲ್ಲ.

ಮತ್ತೂ ಕೆಲವು ದಿನ ಹೋಯಿತು. 37ನೇ ಕೋಲು. ಬುಟ್ಟಿ ಎತ್ತಲು ಹೋದೆ, ಎತ್ತಲು ಆಗಲಿಲ್ಲ. ಅದೇ ಬುಟ್ಟಿ, ಅಷ್ಟೇ ಮಣ್ಣು. ನನಗೆ ಸುಸ್ತಾಯಿತೋ ಏನೋ ಅಂದುಕೊಂಡೆ. “ಅಜ್ಜ, ಇದು ಭಾರ ಇದೆ” ಅಂದೆ. ಒಳಗೆ ಪಿಕ್ಕಾಸಿನ ಸದ್ದು ನಿಂತಿತು. ಅಜ್ಜ ಬಗ್ಗಿಕೊಂಡು ಬಂದರು, ಬುಟ್ಟಿಯಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿದರು. ಮಣ್ಣು ಉಂಡೆಯಾಗಿ ನಿಂತಿತು. ಆ ಉಂಡೆಯನ್ನು ನನ್ನ ಅಂಗೈಯಲ್ಲಿಟ್ಟರು. ತಣ್ಣಗಿತ್ತು. ಇಷ್ಟು ವರ್ಷ ಆದರೂ ಆ ತಂಪು ನನ್ನ ಕೈಯಲ್ಲಿದೆ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಕಮ್ಮಿ ಅಂತ. ಕಿಟೆಲ್ಲರ ಬಗ್ಗೆ ತುಂಬ ಹೇಳಬೇಕೆಂದಿದ್ದೆ. ಚಿಕ್ಕದಾಗಿ ಹೇಳಿಬಿಡ್ತೇನೆ. ಫರ್ಡಿನೆಂಡ್ ಕಿಟೆಲ್ ಜರ್ಮನಿಯಿಂದ ಇಲ್ಲಿಗೆ ಬಂದದ್ದು 1853ರಲ್ಲಿ, 21ರ ಹರೆಯದಲ್ಲಿ. ಅವರ ಕನ್ನಡ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದದ್ದು 1894ರಲ್ಲಿ. ಆಗ ಅವರಿಗೆ 62. ಸುಮಾರು 70,000 ಶಬ್ದಗಳು. ಅಷ್ಟನ್ನು ಯಾರಾದರೂ ಒಂದು ಹುಮ್ಮಸ್ಸಿನಲ್ಲಿ ಕೂತು ಬರೆಯಲು ಆಗ್ತದಾ, ನೀವೇ ಹೇಳಿ? ಒಂದು ಶಬ್ದ, ಅದರ ಅರ್ಥ, ಆಮೇಲೆ ಇನ್ನೊಂದು ಶಬ್ದ. ಸುರಂಗದ ಕೆಲಸವೇ ಅದು.

ಮಕ್ಕಳೇ, ಈಗ ನಿಮಗೆ. ನನ್ನ ಹತ್ತಿರ ಬರುವ ಹುಡುಗರು ಹೇಳುತ್ತಾರೆ, ಮನಸ್ಸು ಬರ್ತಾ ಇಲ್ಲ ಮಾವ, ಮನಸ್ಸು ಬಂದರೆ ಒಂದೇ ಏಟಿಗೆ ಓದಿ ಮುಗಿಸ್ತೇನೆ ಅಂತ. ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮರ ಹತ್ತಿ ಇಳಿದು ಬಂದವರಿಗೆ ಸಂಜೆ ಗುಡ್ಡೆ ಕೊರೆಯಲು ಮನಸ್ಸು ಬರುತ್ತಿತ್ತಾ? ಮನಸ್ಸಿಗೆ ಕಾಯಬೇಡಿ. ಬೆಳಿಗ್ಗೆ ಐದೂವರೆಯೋ, ರಾತ್ರಿ ಎಂಟೋ, ನಿಮಗೆ ಯಾವುದು ಆಗುತ್ತದೋ ಅದು. ಗೋಡೆಯ ಮೇಲೆ ಬರೆದಿಡಿ. ಫೋನನ್ನು ಅಮ್ಮನ ಕೈಗೆ ಕೊಡಿ. ಕಳೆದ ಸಲ ಎಲ್ಲಿ ತಪ್ಪಾಯಿತು ಅಂತ ನೋಡಿ, ಅಲ್ಲಿಂದ ಶುರು ಮಾಡಿ. ಆ ದಿನ ಒಂದೇ ಲೆಕ್ಕ ಬಂದರೂ ಸರಿ, ಬಾರದಿದ್ದರೂ ಸರಿ, ಹೊತ್ತು ತಪ್ಪಿಸಬೇಡಿ.

ನಮ್ಮ ಮನೆಯ ಆ ಸುರಂಗದಲ್ಲಿ ಈಗಲೂ ನೀರಿದೆ. ಮೇ ತಿಂಗಳಲ್ಲಿ ಬೆರಳು ದಪ್ಪ ಬರುತ್ತದೆ, ಅಷ್ಟೇ. ರಾತ್ರಿಯಿಡೀ ಬಿದ್ದು ಮುಂಜಾನೆಗೆ ಟ್ಯಾಂಕಿ ತುಂಬುತ್ತದೆ. ಅದನ್ನು ತೋಟಕ್ಕೆ ಬಿಡುವುದು ನನ್ನ ಕೆಲಸ, ದಿನಾ ಬೆಳಿಗ್ಗೆ ಏಳಕ್ಕೆ.

ನಮಸ್ಕಾರ.