ಮಾಡದೆ ಬಿಟ್ಟದ್ದರ ಲೆಕ್ಕ

ಕೇಳುಗರಿಗೆ ನಮಸ್ಕಾರ.

ನಮ್ಮದು ಕಾಸರಗೋಡಿನ ಬೇಳ. ಇಲ್ಲಿನ ಇಗರ್ಜಿ, ಅಂದರೆ ಚರ್ಚು, 1890ರದ್ದು. ನವೆಂಬರ್ 2 ಸತ್ತವರನ್ನು ನೆನೆಯುವ ದಿನ. ಆ ದಿನ ಸಮಾಧಿಗಳ ಮೇಲೆ ಮೇಣದ ಬತ್ತಿ ಉರಿಯುತ್ತದೆ. ಗಾಳಿ ಜಾಸ್ತಿ ಇದ್ದರೆ ಅಜ್ಜಿ ಬತ್ತಿಗೆ ಅಂಗೈ ಅಡ್ಡ ಹಿಡಿದು ಕೂರುತ್ತಿದ್ದರು. ಒಮ್ಮೆ ನಾನು ಕೇಳಿದೆ, "ಅಜ್ಜನ ಲೆಕ್ಕ ಇನ್ನೂ ಮುಗೀಲಿಲ್ವಾ?" ಅಜ್ಜಿ ನಕ್ಕರು, ಉತ್ತರ ಕೊಡಲಿಲ್ಲ.

ಲೆಕ್ಕ ಅನ್ನುವ ಮಾತು ನಾನು ಕಲಿತದ್ದು ಅಪ್ಪನ ಅಂಗಡಿಯಲ್ಲಿ. ಉದ್ದ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ಅಡಿಕೆ ಮಾರಿದ ಮೇಲೆ ಜನ ಬಂದು ಬಾಕಿ ಕೊಡುತ್ತಿದ್ದರು, ಅಪ್ಪ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದರು. ದೇವರ ಹತ್ತಿರವೂ ಅಂಥದ್ದೇ ಪುಸ್ತಕ ಉಂಟು ಅಂತ ತುಂಬ ವರ್ಷ ನಂಬಿದ್ದೆ.

ಕಥೋಲಿಕರ ನಂಬಿಕೆ ಹೀಗಿದೆ. ಸತ್ತ ಕೂಡಲೇ ಪ್ರತಿಯೊಬ್ಬನಿಗೂ ಒಂದು ತೀರ್ಪು. ಲೋಕದ ಕೊನೆಗೆ ಎಲ್ಲರ ಎದುರು ಮತ್ತೊಂದು. ಪೂರ್ತಿ ಶುದ್ಧವಾಗದೆ ಹೋದ ಆತ್ಮಗಳಿಗೆ ಶುದ್ಧೀಕರಣ ಉಂಟು. ಅಜ್ಜಿಯ ಬತ್ತಿ, ಪ್ರಾರ್ಥನೆ ಅದಕ್ಕೇ. ಪ್ರೊಟೆಸ್ಟೆಂಟರು ಶುದ್ಧೀಕರಣವನ್ನು ಒಪ್ಪುವುದಿಲ್ಲ. ಆದರೆ ಪ್ರತಿಯೊಬ್ಬನೂ ದೇವರಿಗೆ ತನ್ನ ಲೆಕ್ಕ ತಾನೇ ಕೊಡಬೇಕು ಎಂದು ಬೈಬಲಿನಲ್ಲಿ ಸಂತ ಪೌಲ ರೋಮಿನವರಿಗೆ ಬರೆದದ್ದನ್ನು ಇಬ್ಬರೂ ಒಪ್ಪುತ್ತಾರೆ.

ಆ ಲೆಕ್ಕದಲ್ಲಿ ಏನೇನು ಕೇಳುತ್ತಾರೆ? ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಓದಿ ನೋಡಿ. ಕೊನೆಯ ತೀರ್ಪಿಗೆ ಕ್ರಿಸ್ತ ರಾಜನಾಗಿ ಕೂತಿದ್ದಾನೆ. ಬಲಗಡೆ ಕುರಿಗಳು, ಎಡಗಡೆ ಆಡುಗಳು. ಕೊಲೆ ಮಾಡಿದೆಯಾ, ಕದ್ದೆಯಾ ಅಂತ ಅವನು ಕೇಳುವುದೇ ಇಲ್ಲ. ಹಸಿದಿದ್ದೆ, ಬಾಯಾರಿದ್ದೆ, ಪರದೇಶಿಯಾಗಿದ್ದೆ, ಬಟ್ಟೆ ಇರಲಿಲ್ಲ, ಕಾಯಿಲೆಯಲ್ಲಿದ್ದೆ, ಜೈಲಿನಲ್ಲಿದ್ದೆ, ಆಗ ನೀವೇನು ಮಾಡಿದಿರಿ? ಕೇಳುವುದು ಇಷ್ಟೇ. ನನಗೆ ವಿಚಿತ್ರ ಅನಿಸುವುದು ಆಮೇಲಿನದು. ಎರಡೂ ಕಡೆಯವರು ಒಂದೇ ಪ್ರಶ್ನೆ ಕೇಳುತ್ತಾರೆ, "ಸ್ವಾಮಿ, ನಿನ್ನನ್ನು ನಾವು ಯಾವಾಗ ನೋಡಿದೆವು?" ಈ ಅಲ್ಪರಲ್ಲಿ ಒಬ್ಬನಿಗೆ ಮಾಡಿದ್ದೇ ನನಗೆ ಮಾಡಿದ್ದು, ಮಾಡದ್ದೇ ನನಗೆ ಮಾಡದ್ದು ಅನ್ನುತ್ತಾನೆ ರಾಜ. ಅನ್ನ ಕೊಟ್ಟವನಿಗೂ ಗೊತ್ತಿಲ್ಲ, ಕೊಡದವನಿಗೂ ಗೊತ್ತಿಲ್ಲ. ಅಪ್ಪನ ಅಂಗಡಿಯಲ್ಲಾದರೆ ಸಾಲಗಾರನಿಗೆ ತನ್ನ ಬಾಕಿ ಪೈಸೆ ಸಮೇತ ಗೊತ್ತಿರುತ್ತಿತ್ತು!

ಪೂಜೆಯ ಆರಂಭದಲ್ಲಿ ನಾವು ಪಾಪ ಒಪ್ಪಿಕೊಳ್ಳುವಾಗ ನಾಲ್ಕು ಬಗೆ ಹೇಳುತ್ತೇವೆ. ಯೋಚನೆಯ ಪಾಪ, ಮಾತಿನ ಪಾಪ, ಮಾಡಿದ ಪಾಪ, ಕಡೆಗೆ ಮಾಡಬೇಕಾದ್ದನ್ನು ಮಾಡದೆ ಬಿಟ್ಟ ಪಾಪ. ಮೂರನ್ನು ನಿಧಾನ ಹೇಳಿ ನಾಲ್ಕನೆಯದನ್ನು ನುಂಗಿಬಿಡುತ್ತೇವೆ. ನಾನಂತೂ ಹಾಗೇ.

ನಮ್ಮ ಜಿಲ್ಲೆಯಲ್ಲಿ ಈ ನಾಲ್ಕನೆಯದನ್ನು ನುಂಗುವುದು ಸುಲಭ ಅಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆಯ ಪಡ್ರೆ ಕಡೆ ಎಷ್ಟೋ ಮಕ್ಕಳು ಹಾಸಿಗೆಯಲ್ಲೇ ಬೆಳೆದರು. 2011ರಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ಅದು ಮನುಷ್ಯರ ಕೋರ್ಟು ಹಾಕಿದ ಲೆಕ್ಕ. ಹೆಲಿಕಾಪ್ಟರ್ ಕಂಡು ಅಂಗಳಕ್ಕೆ ಓಡಿ ಬಂದು ಕೈಬೀಸಿದ ಹುಡುಗರಲ್ಲಿ ನಾನೂ ಒಬ್ಬ. ಅದು ಪಾಪ ಅಲ್ಲ ಬಿಡಿ, ನಮಗೇನು ಗೊತ್ತಿತ್ತು?

ಆದರೆ ಆಮೇಲಿನದು ಗೊತ್ತಿತ್ತು. ನಾನು ಪೆರ್ಲದಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ ಕಾಲ. ಒಂದು ಸಂಜೆ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಬಂದಳು. ಏಳೆಂಟು ವರ್ಷದ ಹುಡುಗ, ಕತ್ತು ನಿಲ್ಲುತ್ತಿರಲಿಲ್ಲ, ಮೈ ಸುಡುತ್ತಿತ್ತು. ಆಸ್ಪತ್ರೆಗೆ ಹೋಗಬೇಕು, ಬಸ್ಸಿನ ದುಡ್ಡು ಮಾತ್ರ ಉಂಟು ಅಂದಳು. ಕೊನೆಯ ಬಸ್ಸು ಹೋಗಿ ಆಗಿತ್ತು. ನಾನು ಅವಳ ಮುಖ ನೋಡಲಿಲ್ಲ. ಹಿಂದಿನ ಟಯರನ್ನು ಕಾಲಿನಿಂದ ಒತ್ತಿ, "ಇದು ಸರಿ ಇಲ್ಲ ಅಕ್ಕಾ, ದಾರಿಯಲ್ಲಿ ಕೈ ಕೊಡ್ತದೆ" ಅಂದೆ.

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ರಸ್ತೆಯ ಆ ಬದಿಗೆ ಹೋದಳು. ಟಯರು ಹೊಸತು. ಹಾಕಿ ಎರಡು ವಾರವೂ ಆಗಿರಲಿಲ್ಲ.