ರಾಮ ರಾವಣ ಒಂದೇ ಕಾರಿನಲ್ಲಿ

ಅಧ್ಯಕ್ಷರೇ, ಮಾಷ್ಟ್ರೇ, ಮುಂದೆ ಕೂತಿರುವ ಅಮ್ಮಂದಿರೇ, ಹಿಂದೆ ಬಾಗಿಲಲ್ಲಿ ನಿಂತಿರುವ ಹುಡುಗರೇ, ಎಲ್ಲರಿಗೂ ನಮಸ್ಕಾರ.

ಲೈಬ್ರರಿಯ ವಾರ್ಷಿಕೋತ್ಸವಕ್ಕೆ ಒಂದು ಉಪನ್ಯಾಸ ಕೊಡಬೇಕು ಅಂತ ಕಾರ್ಯದರ್ಶಿಗಳು ಫೋನ್ ಮಾಡಿದರು. ವಿಷಯ ಏನು ಅಂತ ಕೇಳಿದೆ. "ನಿಮಗೆ ಚೆನ್ನಾಗಿ ಗೊತ್ತಿರುವುದು ಯಾವುದಾದರೂ ಆದೀತು" ಅಂದರು. ನನಗೆ ಚೆನ್ನಾಗಿ ಗೊತ್ತಿರುವುದು ಎರಡೇ. ಒಂದು, ಅಡಿಕೆಗೆ ಬರುವ ಕೊಳೆರೋಗ. ಇನ್ನೊಂದು, ಟಿವಿಯ ಕುಸ್ತಿ. ಕೊಳೆರೋಗದ ಬಗ್ಗೆ ನನಗಿಂತ ಜಾಸ್ತಿ ಅನುಭವಿಸಿದವರು ಈ ಬದಿಯಡ್ಕ ಸುತ್ತಮುತ್ತ ಮನೆಗೊಬ್ಬರಿದ್ದೀರಿ. ಹಾಗಾಗಿ ಕುಸ್ತಿ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಕಳೆದ ವರ್ಷ ಇದೇ ವೇದಿಕೆಯಲ್ಲಿ ಯಕ್ಷಗಾನ ಕವಿ ಪಾರ್ತಿಸುಬ್ಬನ ಬಗ್ಗೆ ಮಾತಾಗಿತ್ತು ನೋಡಿ. ಹೆದರಬೇಡಿ, ಸುತ್ತು ಬಳಸಿ ನಾನೂ ಯಕ್ಷಗಾನಕ್ಕೇ ಬರುತ್ತೇನೆ.

ಮೊದಲು ಆ ಒಂದು ಪ್ರಶ್ನೆಯನ್ನು ಮುಗಿಸಿಬಿಡೋಣ. ಮೂವತ್ತು ವರ್ಷದಿಂದ ಕೇಳಿ ಕೇಳಿ ಸಾಕಾಗಿದೆ. "ಅದೆಲ್ಲ ಸುಳ್ಳು ಅಲ್ವಾ ಮಾರಾಯ?" ಹೌದು ಮಾರಾಯ. ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಅದನ್ನು ಪತ್ತೆ ಹಚ್ಚಲು ಪೊಲೀಸ್ ಬೇಕಿಲ್ಲ. ಆಗ ಡಬ್ಲ್ಯುಡಬ್ಲ್ಯುಎಫ್ ಅಂತಿದ್ದ, ಈಗ ಡಬ್ಲ್ಯುಡಬ್ಲ್ಯುಇ ಅನ್ನುವ ಕುಸ್ತಿ ಕಂಪನಿಯೇ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಒಪ್ಪಿಕೊಂಡಿತು, ಇದು ಸ್ಪರ್ಧೆಯಲ್ಲ, ಮನರಂಜನೆ ಅಂತ. ಸತ್ಯದ ಮೇಲೆ ಪ್ರೀತಿ ಉಕ್ಕಿ ಅಲ್ಲ. ಸ್ಪರ್ಧೆ ಅಂದರೆ ಕ್ರೀಡಾ ಆಯೋಗದ ನಿಯಮ, ತೆರಿಗೆ ಎಲ್ಲ ಮೈಮೇಲೆ ಬರುತ್ತಿತ್ತು. ಮನರಂಜನೆ ಅಂದರೆ ಅಷ್ಟೂ ಉಳಿತಾಯ.

ಆಟ ಯಾಕೆ ಸುಳ್ಳಾಯಿತು ಅನ್ನುವುದರಲ್ಲಿ ಇನ್ನೂ ಸ್ವಾರಸ್ಯ ಇದೆ. ಕಾರಣ ಸುಲಭ. ನಿಜವಾದ ಕುಸ್ತಿ ನೋಡಲು ಕೆಲವು ಸಲ ಭಾರಿ ಬೇಜಾರು! 1910ರಲ್ಲಿ ಗಾಮಾ ಪೈಲ್ವಾನರು ಲಂಡನ್ನಿಗೆ ಹೋಗಿ ಪೋಲೆಂಡಿನ ಜ್ಬಿಸ್ಕೋ ಜೊತೆ ಕುಸ್ತಿ ಹಿಡಿದರು. ಜ್ಬಿಸ್ಕೋ ಬುದ್ಧಿವಂತ. ನಿಂತರೆ ಸೋಲುತ್ತೇನೆ ಅಂತ ಗೊತ್ತಾಗಿ ಚಾಪೆಯ ಮೇಲೆ ಕವುಚಿ ಮಲಗಿಬಿಟ್ಟ. ಎರಡೂವರೆ ಗಂಟೆ! ಗಾಮಾ ಏನು ಮಾಡಿದರೂ ಏಳಲಿಲ್ಲ. ಕೊನೆಗೆ ಡ್ರಾ. ಮುಂದಿನ ವಾರ ಮತ್ತೆ ಕುಸ್ತಿ ಇಟ್ಟರೆ ಆಸಾಮಿ ಬರಲೇ ಇಲ್ಲ. 1928ರಲ್ಲಿ ಪಟಿಯಾಲಕ್ಕೆ ಬಂದಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಬೀಳಿಸಿದರು ಅನ್ನುವುದು ಬೇರೆ ಮಾತು. ಅಮೆರಿಕದಲ್ಲೂ ಇದೇ ಪಾಡು. 1916ರಲ್ಲಿ ಒಮಾಹಾ ಊರಿನಲ್ಲಿ ಸ್ಟೆಕರ್ ಮತ್ತು ಎಡ್ ಲೂಯಿಸ್ ಹೆಚ್ಚುಕಡಿಮೆ ಐದು ಗಂಟೆ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ಅದೂ ಡ್ರಾ. ದುಡ್ಡು ಕೊಟ್ಟು ಬಂದ ಜನ ಎಷ್ಟು ಅಂತ ತಡೆದುಕೊಂಡಾರು? 1920ರ ದಶಕದಲ್ಲಿ ಇದೇ ಲೂಯಿಸ್, ಅವನ ಮ್ಯಾನೇಜರ್ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಇನ್ನೊಬ್ಬ, ಮೂವರೂ ಸೇರಿ ಆಟದ ನಡೆಯನ್ನೇ ಬದಲಿಸಿದರು. ಗಂಟೆ ನೋಡಿ ಮುಗಿಸುವುದು, ಎತ್ತಿ ಒಗೆಯುವುದು, ಸೋಲು ಗೆಲುವು ಮೊದಲೇ ಮಾತಾಡಿಕೊಳ್ಳುವುದು. ನಮ್ಮಲ್ಲಿ ಇಡೀ ರಾತ್ರಿಯ ಯಕ್ಷಗಾನ ಆಟವನ್ನು ಕಾಲಮಿತಿ ಮಾಡಿದರಲ್ಲ, ಹಾಗೆ.

ನನಗೆ ಈ ಹುಚ್ಚು ಹತ್ತಿಸಿದ್ದು ನನ್ನ ಮಾವ. ಅವರು ಮುಂಬಯಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ನಮ್ಮ ಕಡೆಯ ಅರ್ಧ ಗಂಡಸರು ಆಗ ಅಲ್ಲೇ ಅಲ್ವಾ. ಊರಿಗೆ ಬಂದಾಗ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ದಾರಾ ಸಿಂಗ್ ಕಥೆ ಹೇಳುತ್ತಿದ್ದರು. ಕಿಂಗ್ ಕಾಂಗ್ ಅಂತ ಸುಮಾರು ಇನ್ನೂರು ಕಿಲೋ ತೂಕದ ಆಳು, ಗಡ್ಡದವನು. ಅವನನ್ನು ದಾರಾ ಸಿಂಗ್ ತಲೆ ಮೇಲೆ ಎತ್ತಿ ತಿರುಗಿಸಿದ್ದು. 1968ರಲ್ಲಿ ಅಮೆರಿಕದ ಲೂ ಥೆಸ್‌ನನ್ನು ಮುಂಬಯಿಯಲ್ಲೇ ಸೋಲಿಸಿದ್ದು. ಮಾವ ಎದ್ದು ನಿಂತು, ಪಂಚೆ ಮೇಲೆ ಕಟ್ಟಿ, ನನ್ನನ್ನೇ ಎತ್ತಿ ತೋರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಒಂದು ದಿನ ನಗುತ್ತಾ ಹೇಳಿದರು: "ಅವರೆಲ್ಲಿ ನೋಡಿದ್ದು? ಆ ದಿನ ರಜೆ ಕೊಡಲಿಲ್ಲ ಅಂತ ಕೊನೆಯವರೆಗೂ ಧಣಿಯನ್ನು ಬೈಯುತ್ತಿದ್ದರು." ನನಗೆ ಒಂದು ಚೂರೂ ಬೇಸರ ಆಗಲಿಲ್ಲ. ನೋಡದೆಯೂ ಅಷ್ಟು ಚಂದ ಹೇಳಿದರಲ್ಲ!

ಆಮೇಲೆ ಕೇಬಲ್ ಬಂತು. ನಮ್ಮ ಮನೆಗೆ ಬಂದದ್ದು ಎಲ್ಲರಿಗಿಂತ ಕೊನೆಗೆ. ಅಷ್ಟರವರೆಗೆ ತೋಡು ದಾಟಿ ಪಕ್ಕದ ಮನೆಗೆ ಹೋಗಿ ಚಾವಡಿಯ ನೆಲದಲ್ಲಿ ಕೂರುತ್ತಿದ್ದೆವು. ಬಂದ ಮೇಲೆ ನನ್ನ ಜೊತೆ ಖಾಯಂ ಪ್ರೇಕ್ಷಕರು ಯಾರು ಗೊತ್ತಾ? ಅಜ್ಜಿ. ಇಂಗ್ಲಿಷ್ ಒಂದಕ್ಷರ ಬಾರದು. ಆದರೆ ಯಾರು ಖಳ, ಯಾರು ನಾಯಕ ಅಂತ ಆಳು ನಡೆದು ಬರುವಾಗಲೇ ಹೇಳುತ್ತಿದ್ದರು. ಖಳ ಹಿಂದಿನಿಂದ ಕುರ್ಚಿ ಹಿಡಿದು ಬಂದರೆ "ಹಿಂದೆ ನೋಡೋ, ಹಿಂದೆ" ಅಂತ ಟಿವಿಗೆ ಕೂಗುತ್ತಿದ್ದರು. ಒಂದು ದಿನ ನನ್ನ ಅಣ್ಣ, ಕಾಲೇಜಿಗೆ ಹೋಗುವವನು, "ಅಜ್ಜೀ, ಇದೆಲ್ಲ ಮೊದಲೇ ಮಾತಾಡಿಕೊಂಡು ಮಾಡುವುದು" ಅಂದ. ಅಜ್ಜಿ ಅವನ ಮುಖ ಸಹ ನೋಡಲಿಲ್ಲ. "ಮೊನ್ನೆ ಪೆರ್ಲದ ಆಟದಲ್ಲಿ ಕೀಚಕ ಸತ್ತ. ನಾಳೆ ಮುಳ್ಳೇರಿಯದಲ್ಲಿ ಮತ್ತೆ ಸಾಯುತ್ತಾನೆ. ಅದಕ್ಕೆಂತ ಈಗ? ನೀನು ಸ್ವಲ್ಪ ಆಚೆ ನಿಲ್ಲು, ಕಾಣುವುದಿಲ್ಲ."

ಅಜ್ಜಿಗೆ ಅಂಡರ್‌ಟೇಕರ್ ಎಂಬ ಕುಸ್ತಿಪಟು ಅಂದರೆ ಜೀವ. ಯಾಕೆ ಅಂತ ನನಗೆ ಅರ್ಥ ಆದದ್ದು ಬಹಳ ತಡವಾಗಿ. ಯಕ್ಷಗಾನದಲ್ಲಿ ಮಹಿಷಾಸುರ ಬರುವುದನ್ನು ಜ್ಞಾಪಿಸಿಕೊಳ್ಳಿ. ರಾತ್ರಿ ಎರಡು ಗಂಟೆ. ಮಕ್ಕಳೆಲ್ಲ ಚಾಪೆಯಲ್ಲಿ ಅರೆನಿದ್ದೆ. ದೂರದಲ್ಲಿ ಎಲ್ಲೋ ಒಂದು ಅಬ್ಬರ. ಜನರ ಹಿಂದಿನಿಂದ ದೊಂದಿ ಏಳುತ್ತದೆ. ರಾಳದ ಪುಡಿ ಎಸೆದಾಗ ಬೆಂಕಿ ಭಗ್ಗೆಂದು ಮೇಲೆ ಹೋಗುತ್ತದೆ. ರಂಗಸ್ಥಳಕ್ಕೆ ಹತ್ತು ಮಾರು ಇದ್ದರೂ ಆಸಾಮಿ ಬರಲು ಕಾಲು ಗಂಟೆ. ಇನ್ನು ಅಂಡರ್‌ಟೇಕರ್ ನೋಡಿ. ಗಂಟೆ ಹೊಡೆಯುತ್ತದೆ, ದೀಪ ಆರುತ್ತದೆ, ಹೊಗೆ ಏಳುತ್ತದೆ, ಕಪ್ಪು ಕೋಟು, ಕಪ್ಪು ಟೋಪಿ, ಒಂದೊಂದೇ ಹೆಜ್ಜೆ. ಇದು ಅಪ್ಪಟ ಬಣ್ಣದ ವೇಷ, ನಮ್ಮ ರಕ್ಕಸರ ವೇಷದ ಹಾಗೆ. 1990ರ ನವೆಂಬರಿನಲ್ಲಿ ಮೊದಲ ಸಲ ಬಂದವನು 2020ರವರೆಗೆ ವೇಷ ಹಾಕಿದ. ಮೇಳದ ಲೆಕ್ಕದಲ್ಲಿ ವರ್ಷಕ್ಕೊಂದರಂತೆ ಮೂವತ್ತು ತಿರುಗಾಟ!

ಈಗ ಕಾರಿನ ಕಥೆ. ಐರನ್ ಶೇಕ್ ಅಂತ ಇರಾನಿನ ಕುಸ್ತಿಪಟು ಇದ್ದ. ಅಮೆರಿಕದವರಿಗೆ ಅವನು ಖಳ. ಜಿಮ್ ಡಗನ್ ಅಂತ ಇನ್ನೊಬ್ಬ, ಅಮೆರಿಕದ ಬಾವುಟ ಹಿಡಿದು ಬರುವ ನಾಯಕ. ರಿಂಗಿನಲ್ಲಿ ಇಬ್ಬರದೂ ಹಾವು ಮುಂಗುಸಿ. 1987ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯಲ್ಲಿ ಪೊಲೀಸರು ಒಂದು ಕಾರು ನಿಲ್ಲಿಸಿದರು. ನೋಡಿದರೆ ಇಬ್ಬರೂ ಒಟ್ಟಿಗೆ! ಕಾರಿನಲ್ಲಿ ಮಾದಕ ವಸ್ತುವೂ ಇತ್ತು. ಕಂಪನಿ ಇಬ್ಬರನ್ನೂ ಮನೆಗೆ ಕಳಿಸಿತು. ಆದರೆ ಆಗ ದೊಡ್ಡ ಸುದ್ದಿಯಾದದ್ದು ವೈರಿಗಳು ಒಂದೇ ಕಾರಿನಲ್ಲಿ ಸಿಕ್ಕಿಬಿದ್ದದ್ದು. ಆ ಕಾಲದಲ್ಲಿ ಅದು ದೊಡ್ಡ ಪಾಪ. ಖಳ ಬೇರೆ ಬಾಗಿಲಿನಿಂದ ಬರಬೇಕು, ಬೇರೆ ಕಡೆ ಉಣ್ಣಬೇಕು. ಈ ಗುಟ್ಟು ಕಾಯುವುದಕ್ಕೆ ಅವರ ಭಾಷೆಯಲ್ಲಿ ಕೇಫೇಬ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಿರೀಟ ಇಟ್ಟುಕೊಂಡು ಚಾ ಅಂಗಡಿಗೆ ಹೋಗಬಾರದು. ನಾನು ಸಣ್ಣವನಿದ್ದಾಗ ಒಮ್ಮೆ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಇಣುಕಿದ್ದೆ. ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟುಕೊಂಡ ರಕ್ಕಸ, ಕನ್ನಡಿ ಎದುರು ಕೂತು ಬೀಡಿ ಎಳೆಯುತ್ತಿದ್ದ. ಪಕ್ಕದಲ್ಲಿ ದೇವಿ ವೇಷದವರು ಬೆಂಕಿಪೊಟ್ಟಣ ಹಿಡಿದು ಕೂತಿದ್ದರು. ಆ ರಾತ್ರಿ ಆಟ ನೋಡುವಾಗ ನನಗೆ ಹೆದರಿಕೆ ಕಡಿಮೆ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಸೋಲು ಗೆಲುವು ಸುಳ್ಳು ಅಂದೆ. ಬೀಳುವುದು ಸುಳ್ಳಲ್ಲ. ರಿಂಗ್ ಅಂದರೆ ಹಾಸಿಗೆ ಅಂದುಕೊಂಡವರಿದ್ದೀರಿ. ಕಬ್ಬಿಣದ ತೊಲೆ, ಅದರ ಮೇಲೆ ಹಲಗೆ, ತೆಳ್ಳಗಿನ ಫೋಮ್, ಮೇಲೊಂದು ಕ್ಯಾನ್‌ವಾಸ್, ಅಷ್ಟೇ. ಗಲ್ಲವನ್ನು ಎದೆಗೆ ಒತ್ತಿ, ಬೆನ್ನು ಚಪ್ಪಟೆಯಾಗಿ ಬಿದ್ದು, ಎರಡೂ ಅಂಗೈಯಿಂದ ನೆಲಕ್ಕೆ ಹೊಡೆದರೆ ಪೆಟ್ಟು ಹಂಚಿಹೋಗುತ್ತದೆ. ತಪ್ಪಿದರೆ ಕುತ್ತಿಗೆ. 1998ರ ಜೂನಿನಲ್ಲಿ ಅಂಡರ್‌ಟೇಕರ್ 16 ಅಡಿಯ ಪಂಜರದ ಮೇಲಿನಿಂದ ಮಿಕ್ ಫೋಲಿಯನ್ನು ಕೆಳಗಿನ ಮೇಜಿನ ಮೇಲೆ ಒಗೆದ. ಫೋಲಿ ಎದ್ದು ಮತ್ತೆ ಹತ್ತಿದ. ಈ ಸಲ ಪಂಜರದ ಮಾಡೇ ಕಿತ್ತು ಒಳಗೆ ಬಿದ್ದ. ಒಂದು ಹಲ್ಲು ಮೂಗಿನ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ಅದರ ಮರುವರ್ಷ, ಮೇ 23ಕ್ಕೆ, ಕಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್‌ನನ್ನು ಮಾಡಿನಿಂದ ಹಗ್ಗದಲ್ಲಿ ಇಳಿಸುವಾಗ ಕೊಂಡಿ ಕಳಚಿ, ಅವನು ಬಿದ್ದು ಸತ್ತೇ ಹೋದ. 34 ವರ್ಷ. ಆ ದಿನ ಉಳಿದ ಕುಸ್ತಿಗಳನ್ನು ನಿಲ್ಲಿಸದೆ ಆಡಿಸಿದರು. ಇಷ್ಟು ವರ್ಷ ಈ ಆಟವನ್ನು ಪ್ರೀತಿಸಿದ ನನಗೆ ಅದೊಂದನ್ನು ಕ್ಷಮಿಸಲು ಆಗಿಲ್ಲ.

ನನ್ನ ಪೆಟ್ಟೂ ಆ ಕಾಲದ್ದೇ. ಬೈಹುಲ್ಲಿನ ರಾಶಿಯ ಮೇಲೆ ನಾನು ಫೋಲಿ, ನನ್ನ ಗೆಳೆಯ ಅಂಡರ್‌ಟೇಕರ್. ಅವನು ಒಗೆದದ್ದು ಸರಿಯಾಗಿಯೇ ಇತ್ತು. ರಾಶಿ ನಾನು ಅಂದುಕೊಂಡ ಕಡೆ ಇರಲಿಲ್ಲ. ಭುಜದ ಎಲುಬು ಮುರಿಯಿತು. ಈಗಲೂ ಇಲ್ಲಿ, ಅಂಗಿಯ ಕಾಲರಿನ ಕೆಳಗೆ, ಸಣ್ಣ ಗಂಟು ಇದೆ. ಅಡಿಕೆ ಮರದಿಂದ ಜಾರಿದೆ ಅಂತ ಮನೆಯಲ್ಲಿ ಹೇಳಿದೆ. ಅದೂ ಒಂದು ಕೇಫೇಬ್.

ಈಗಿನದು ಹೇಗೆ ಅಂತ ಹಿಂದೆ ನಿಂತಿರುವ ಹುಡುಗರು ಕಾಯುತ್ತಿದ್ದಾರೆ. ಮೊದಲೆಲ್ಲ ಚೆನ್ನಾಗಿತ್ತು, ಈಗೆಲ್ಲ ಹಾಳು ಅಂತ ನಾನು ಹೇಳುವುದಿಲ್ಲ. ನಾನು ಹಳೆಯ ಕುಸ್ತಿಗಳನ್ನು ಮತ್ತೆ ಹಾಕಿ ನೋಡಿದ್ದೇನೆ. ನಿಜ ಹೇಳುತ್ತೇನೆ, ಅರ್ಧಕ್ಕರ್ಧ ಬೋರು. ಹಲ್ಕ್ ಹೋಗನ್‌ಗೆ ನಾಲ್ಕು ಪಟ್ಟು ಬಿಟ್ಟರೆ ಐದನೆಯದು ಬರುತ್ತಿರಲಿಲ್ಲ. ಈಗಿನವರು ಹಗ್ಗದ ಮೇಲೆ ನಿಂತು ಗಾಳಿಯಲ್ಲಿ ಎರಡು ಸುತ್ತು ತಿರುಗುತ್ತಾರೆ. ಹೆಣ್ಣುಮಕ್ಕಳನ್ನು ಮೊದಲು ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದರು, ಎರಡು ನಿಮಿಷದ ಆಟ ಕೊಡುತ್ತಿದ್ದರು. ಇವರ ವರ್ಷದ ದೊಡ್ಡ ಜಾತ್ರೆ ರೆಸಲ್‌ಮೇನಿಯಾ, 2019ರಲ್ಲಿ ಅದರ ಕಟ್ಟಕಡೆಯ ದೊಡ್ಡ ಕುಸ್ತಿ ಆಡಿದ್ದು ಮೂವರು ಹೆಂಗಸರೇ. ತಲೆಗೆ ಕುರ್ಚಿಯಿಂದ ಹೊಡೆಯುವುದನ್ನು 2010ರಲ್ಲಿ ನಿಲ್ಲಿಸಿದರು. ಅಜ್ಜಿ ಇದ್ದಿದ್ದರೆ ಕುರ್ಚಿ ಎಲ್ಲಿ ಅಂತ ಕೇಳುತ್ತಿದ್ದರೇನೋ, ಆದರೆ ಒಳ್ಳೆಯದೇ ಆಯಿತು.

ನನ್ನ ತಕರಾರು ಬೇರೆ. ಈಗ ಚೌಕಿಯ ಪರದೆಯನ್ನೇ ತೆಗೆದುಬಿಟ್ಟಿದ್ದಾರೆ. ಸಂಜೆ ಒಬ್ಬರ ಕುತ್ತಿಗೆ ಹಿಸುಕಿದವರು ರಾತ್ರಿ ಅವರ ಜೊತೆ ಬಿರಿಯಾನಿ ತಿನ್ನುವ ಫೋಟೋ ಹಾಕುತ್ತಾರೆ. ಹೇಗೆ ಪ್ಲಾನ್ ಮಾಡಿದೆವು ಅಂತ ಒಂದು ಗಂಟೆ ಮಾತಾಡುತ್ತಾರೆ. ಪ್ರೇಕ್ಷಕನೂ ಮ್ಯಾನೇಜರ್ ಆಗಿದ್ದಾನೆ. ನನ್ನ ಅಳಿಯ ಹತ್ತನೇ ಕ್ಲಾಸು. ಕಳೆದ ಡಿಸೆಂಬರಿನಲ್ಲಿ, ಅಂದರೆ 2025ರ ಡಿಸೆಂಬರ್, ಜಾನ್ ಸೀನಾನ ಕೊನೆಯ ಕುಸ್ತಿಯನ್ನು ಅವನ ಜೊತೆ ಮೊಬೈಲಿನಲ್ಲಿ ನೋಡಿದೆ. ಗುಂತರ್ ಎಂಬವನ ಹಿಡಿತದಲ್ಲಿ ಸೀನಾ ಕೈ ತಟ್ಟಿ ಸೋಲೊಪ್ಪಿಕೊಂಡ. ವರ್ಷಗಟ್ಟಲೆ "ಬಿಟ್ಟುಕೊಡಬೇಡ" ಅಂತ ಅಂಗಿಯ ಮೇಲೆ ಬರೆಸಿಕೊಂಡು ತಿರುಗಿದ ಮನುಷ್ಯ! ನನಗೆ ಗಂಟಲು ಕಟ್ಟಿತು. ಅಳಿಯ ಕಣ್ಣು ಮಿಟುಕಿಸದೆ, "ಬುಕ್ಕಿಂಗ್ ಸರಿಯಿಲ್ಲ ಮಾವ" ಅಂದ. ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನಿಸುವುದಕ್ಕೆ ಬುಕ್ಕಿಂಗ್ ಅನ್ನುತ್ತಾರೆ. ಕೀಚಕ ಸತ್ತಾಗ ಭಾಗವತರ ತಾಳ ತಪ್ಪಿತು ಅಂದ ಹಾಗೆ. ತಪ್ಪೇನಲ್ಲ, ಹಾಗೆ ನೋಡುವುದರಲ್ಲೂ ಒಂದು ರುಚಿ ಇದೆ. ಆದರೆ ಐದು ನಿಮಿಷ ಆದ ಮೇಲೆ ನೋಡಿದರೆ ಹುಡುಗ ಅದೇ ಕೈ ತಟ್ಟುವ ಭಾಗವನ್ನು ಮತ್ತೆ ಹಾಕಿ ನೋಡುತ್ತಿದ್ದ, ಸೌಂಡ್ ಕಡಿಮೆ ಮಾಡಿ.

ನನ್ನ ಬಳಿ ಹಳೆಯ ಕುಸ್ತಿ ಕಾರ್ಡುಗಳಿವೆ. ಎತ್ತರ, ತೂಕ, ಎದೆಯ ಸುತ್ತಳತೆ ಬರೆದಿರುವಂಥವು. ಡಬ್ಬ ತಂದಿದ್ದೇನೆ, ಚಾ ಕುಡಿಯುವಾಗ ಬಂದು ನೋಡಿ. ಅಂಡರ್‌ಟೇಕರ್ ಕಾರ್ಡು ಮಾತ್ರ ಇಲ್ಲ. ಅದನ್ನು 1998ರಲ್ಲಿ, ನಾನು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದಾಗ, ನೋಡಲು ಬಂದ ಅದೇ ಗೆಳೆಯ ಎತ್ತಿಕೊಂಡು ಹೋದ. ಇವತ್ತು ಮೈಕ್ ಸೆಟ್ ಹಾಕಿ ಆ ಮೂಲೆಯಲ್ಲಿ ನಿಂತಿರುವುದು ಅವನೇ. ಈಗ ನೋಡಿ ಹೇಗೆ ನಗುತ್ತಾನೆ. ನನ್ನನ್ನು ಇಲ್ಲಿಗೆ ಕರೆತಂದದ್ದೂ ಅವನ ಕಾರಿನಲ್ಲೇ.